ದುಡಿದವನು ಬೇಡುವವನಲ್ಲ

ಕಾಯಕ ಮಾಡಿದವನಿಗೆ ಅದರ ಪ್ರತಿಫಲ ದೊರೆಯಲೇಬೇಕು ಎಂಬ ನಂಬಿಕೆಯ ಮೇಲೆ ಪ್ರತಿಯೊಂದು ಸಂಸಾರವೂ ನಿಂತಿದೆ. ಸಂಬಳದ ದಿನವನ್ನು ನೆಚ್ಚಿಕೊಂಡೇ ಮನೆಯ ಬಾಡಿಗೆ, ಅಕ್ಕಿ ಬೇಳೆ, ಮಕ್ಕಳ ಶುಲ್ಕ, ಹಿರಿಯರ ಔಷಧ ಇವೆಲ್ಲವುಗಳ ಲೆಕ್ಕ ನಡೆಯುತ್ತದೆ. ಆ ದಿನ ಬಂದೂ ಸಂಬಳ ಬಾರದೆ ಹೋದರೆ ಮನೆಯೊಳಗಿನ ಧೈರ್ಯವೇ ಕುಸಿಯುತ್ತದೆ. ದುಡಿಸಿಕೊಂಡು ಕೂಲಿ ಕೊಡದವನು ಒಬ್ಬ ಖಾಸಗಿ ಮಾಲೀಕನಾಗಿದ್ದರೆ ಆತನ ಮೇಲೆ ಸರಕಾರಕ್ಕೆ ದೂರು ಕೊಡಬಹುದು. ದುಡಿಸಿಕೊಂಡು ಕೂಲಿ ಕೊಡದಿರುವುದು ಸರಕಾರವೇ ಆಗಿದ್ದರೆ ದೂರು ಯಾರಿಗೆ? ಜಗತ್ತಿನ ಅತ್ಯಂತ ಸಿರಿವಂತ ದೇಶಗಳಲ್ಲಿ ಒಂದಾದ ಅಮೆರಿಕದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗಿದೆ.

2025ರ ಅಕ್ಟೋಬರ್ 1ರಂದು ಅಲ್ಲಿಯ ಒಕ್ಕೂಟ ಸರಕಾರದ ಅನೇಕ ಇಲಾಖೆಗಳು ಹಣಕಾಸಿನ ಅನುಮೋದನೆಯಿಲ್ಲದೆ ಸ್ಥಗಿತಗೊಂಡವು. ಅವು ಮತ್ತೆ ತೆರೆದದ್ದು ನವೆಂಬರ್ 12ರಂದು. ಒಟ್ಟು 43 ದಿನಗಳ ಆ ಸ್ಥಗಿತವು ಅಲ್ಲಿಯವರೆಗಿನ ಎಲ್ಲ ಸ್ಥಗಿತಗಳಿಗಿಂತ ದೀರ್ಘವಾದುದು. ಅದಕ್ಕೂ ಹಿಂದೆ 2018ರ ಡಿಸೆಂಬರ್ 22ರಿಂದ 2019ರ ಜನವರಿ 25ರವರೆಗೆ 35 ದಿನ, 2013ರ ಅಕ್ಟೋಬರ್‌ನಲ್ಲಿ 16 ದಿನ, 1995-96ರ ಚಳಿಗಾಲದಲ್ಲಿ 21 ದಿನ ಇದೇ ಸ್ಥಿತಿ ಒದಗಿತ್ತು. 2018-19ರಲ್ಲಿ ಸುಮಾರು 8 ಲಕ್ಷ ನೌಕರರ ಸಂಬಳ ನಿಂತಿತು. 2025ರಲ್ಲಿ ಆ ಸಂಖ್ಯೆ ಸುಮಾರು 14 ಲಕ್ಷವೆಂಬ ಅಂದಾಜಿದೆ. ಅವರಲ್ಲಿ ಅರ್ಧದಷ್ಟು ಮಂದಿಯನ್ನು ಸಂಬಳವಿಲ್ಲದ ಕಡ್ಡಾಯ ರಜೆಯ ಮೇಲೆ ಮನೆಗೆ ಕಳುಹಿಸಲಾಯಿತು. ಉಳಿದವರು ಪ್ರತಿದಿನ ಕೆಲಸಕ್ಕೆ ಹೋದರು, ಆದರೆ ಸಂಬಳ ಕೈಗೆ ಬರಲಿಲ್ಲ.

ಭಾರತದ ಓದುಗರಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಇಲ್ಲಿ ಮುಂಗಡಪತ್ರಕ್ಕೆ ಪೂರ್ಣ ಒಪ್ಪಿಗೆ ದೊರೆಯುವುದು ತಡವಾದರೆ ಸಂವಿಧಾನದ 116ನೆಯ ವಿಧಿಯಂತೆ ಲೇಖಾನುದಾನ ಪಡೆದು ಆಡಳಿತ ನಡೆಸಬಹುದು. ಲೋಕಸಭೆಯಲ್ಲಿ ಹಣಕಾಸಿನ ಮತದಲ್ಲಿ ಸೋತ ಸರಕಾರ ಅಧಿಕಾರದಿಂದ ಇಳಿಯಬೇಕಾಗುತ್ತದೆ. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿಯ ಆರ್ಥಿಕ ವರ್ಷ ಅಕ್ಟೋಬರ್ 1ಕ್ಕೆ ಆರಂಭವಾಗುತ್ತದೆ. ಅಷ್ಟರೊಳಗೆ ಸಂಸತ್ತಿನ ಎರಡೂ ಸದನಗಳು ಮತ್ತು ಅಧ್ಯಕ್ಷರು ಒಮ್ಮತಕ್ಕೆ ಬಾರದಿದ್ದರೆ ಖರ್ಚು ಮಾಡುವ ಅಧಿಕಾರವೇ ಇಲಾಖೆಗಳಿಗೆ ಇರುವುದಿಲ್ಲ. ಅನುಮೋದನೆಯಿಲ್ಲದೆ ಹಣ ವ್ಯಯಿಸಬಾರದೆಂಬ ಕಾನೂನು 1884ರಷ್ಟು ಹಳೆಯದು. ಆದರೂ 1980ರಲ್ಲಿ ಅಂದಿನ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ ಅದಕ್ಕೆ ಕಟ್ಟುನಿಟ್ಟಾದ ಅರ್ಥ ನೀಡುವವರೆಗೂ ಕಚೇರಿಗಳು ಬಹುಮಟ್ಟಿಗೆ ನಡೆದುಕೊಂಡು ಹೋಗುತ್ತಿದ್ದವು. ಜಗಳದ ಕಾರಣ ಒಮ್ಮೆ ಗಡಿಯ ಗೋಡೆ, ಇನ್ನೊಮ್ಮೆ ಆರೋಗ್ಯ ವಿಮೆಯ ಸಹಾಯಧನ. ಕಾರಣ ಯಾವುದಾದರೂ, ಮೇಲಿನವರ ಜಗಳದ ದಂಡವನ್ನು ತೆರುವುದು ಕೆಳಗಿನವರ ಅಡುಗೆಮನೆ.

ಒಕ್ಕೂಟ ಸರಕಾರದ ನೌಕರರೆಂದರೆ ರಾಜಧಾನಿಯ ದೊಡ್ಡ ಅಧಿಕಾರಿಗಳೆಂಬ ಭಾವನೆ ಸರಿಯಲ್ಲ. ಅವರಲ್ಲಿ ಐವರಿಗೆ ನಾಲ್ವರು ವಾಷಿಂಗ್ಟನ್ ಪ್ರದೇಶದ ಹೊರಗೇ ಇದ್ದಾರೆ. ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಚೀಲ ಪರೀಕ್ಷಿಸುವವರು, ವಿಮಾನಗಳಿಗೆ ದಾರಿ ತೋರುವ ನಿಯಂತ್ರಕರು, ಸೆರೆಮನೆಯ ಕಾವಲುಗಾರರು, ರಾಷ್ಟ್ರೀಯ ಉದ್ಯಾನಗಳ ಸಿಬ್ಬಂದಿ ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಆ ದೇಶದ ಪೌರತ್ವ ಪಡೆದು ಇಂತಹ ಸೇವೆಯಲ್ಲಿರುವ ಕನ್ನಡಿಗರ ಮನೆಗಳೂ ಅಲ್ಲಿವೆ. ಅವರಿಗೆ ಸಂಬಳ ಬರುವುದು ಎರಡು ವಾರಕ್ಕೊಮ್ಮೆ. 43 ದಿನಗಳ ಸ್ಥಗಿತದಲ್ಲಿ ಮೊದಲು ಬಂದದ್ದು ಅರೆಸಂಬಳ, ಅನಂತರದ ಸಂಬಳದ ದಿನಗಳಲ್ಲಿ ಬಂದದ್ದು ಶೂನ್ಯ.

ಇಂತಹ ಒಂದು ಸಂಸಾರವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಪತಿ ವಿಮಾನ ನಿಲ್ದಾಣದ ತಪಾಸಣಾ ಸಿಬ್ಬಂದಿ. ಎರಡು ವಾರಕ್ಕೆ ಕೈಗೆ ಬರುವುದು 1,800 ಡಾಲರ್. ಪತ್ನಿ ಅಂಗಡಿಯೊಂದರಲ್ಲಿ ಅರೆಕಾಲ ದುಡಿದು ತಿಂಗಳಿಗೆ 1,000 ಡಾಲರ್ ತರುತ್ತಾಳೆ. ಇಬ್ಬರದೂ ಸೇರಿ ತಿಂಗಳಿಗೆ 4,600. ಖರ್ಚಿನಲ್ಲಿ ಬಾಡಿಗೆ 1,700, ಮಗುವಿನ ಡೇಕೇರ್ 900, ದಿನಸಿ 600, ಕಾರಿನ ಕಂತು 400, ವಿದ್ಯುತ್ತು ಮತ್ತು ಫೋನು 300, ಕ್ರೆಡಿಟ್ ಕಾರ್ಡಿಗೆ 200, ಒಟ್ಟು 4,100. ಎಲ್ಲವೂ ಸರಿಯಿದ್ದಾಗ 500 ಡಾಲರ್ ಉಳಿಯುವ ಈ ಮನೆಯನ್ನು ದುಂದುಗಾರರ ಮನೆ ಎನ್ನಲಾಗದು. ಒಂದು ಸಂಬಳ ನಿಂತರೆ ಕೈಯಲ್ಲಿರುವುದು 2,800. ಬಾಡಿಗೆ, ದಿನಸಿ, ವಿದ್ಯುತ್ತು ಕಳೆದರೆ ಕಾರು, ಡೇಕೇರ್, ಕಾರ್ಡು ಮೂರಕ್ಕೂ ಸೇರಿ 200 ಮಾತ್ರ. ಎರಡೂ ಸಂಬಳ ನಿಂತರೆ ಇರುವುದು 1,000. ದಿನಸಿಗೂ ವಿದ್ಯುತ್ತಿಗೂ 900 ಹೋದರೆ ಬಾಡಿಗೆಗೆ ಉಳಿಯುವುದು 100 ಮಾತ್ರ. ಆ ಮನುಷ್ಯ ಸಂಬಳವಿಲ್ಲದ ಕೆಲಸಕ್ಕೆ ಹೋಗುವುದಕ್ಕಾಗಿಯೇ ಮಗುವನ್ನು ಡೇಕೇರ್‌ನಲ್ಲಿ ಬಿಡಬೇಕು, ಕಾರಿಗೆ ಪೆಟ್ರೋಲ್ ಹಾಕಿಸಬೇಕು. ಪುಕ್ಕಟೆ ದುಡಿಯುವುದಕ್ಕೂ ಕೈಯಿಂದ ಹಣ ತೆರಬೇಕಾದ ದುಃಸ್ಥಿತಿಯಿದು.

ಈ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಓದಬೇಕು. ಆ ತಿಂಗಳು ಸರಕಾರ ಆತನಿಗೆ ಕೊಡಬೇಕಾದದ್ದು 3,600 ಡಾಲರ್. ಆತ ಮನೆಮಾಲೀಕನಿಗೆ, ಬ್ಯಾಂಕಿಗೆ, ಡೇಕೇರ್‌ಗೆ ಸೇರಿಸಿ ಕೊಡಲಾಗದೆ ನಿಂತಿರುವುದು 3,100. ಅಂದರೆ ಆತ ನಿಜವಾಗಿ ಸಾಲಗಾರನಲ್ಲ, ಸಾಲ ಕೊಟ್ಟವನು. ಬಡ್ಡಿಯಿಲ್ಲದೆ, ಪತ್ರವಿಲ್ಲದೆ, ಮರಳುವ ದಿನಾಂಕವಿಲ್ಲದೆ ತನ್ನ ಬೆವರನ್ನು ರಾಜ್ಯಕ್ಕೆ ಕಡ ಕೊಟ್ಟವನು. ಈ ಸತ್ಯವನ್ನು ಮನೆಯವರು ಮೊದಲು ಅರಿತರೆ ಮುಂದಿನ ಎಲ್ಲ ನಡೆಗಳೂ ಬದಲಾಗುತ್ತವೆ. ಅರಿಯದಿದ್ದರೆ ಕೊರತೆ ತನ್ನ ತಪ್ಪೆಂದು ಭಾವಿಸಿ, ಅದನ್ನು ಬಚ್ಚಿಟ್ಟು, ಬಚ್ಚಿಡುವುದಕ್ಕಾಗಿ ಹೆಚ್ಚು ಬಡ್ಡಿಯ ಸಾಲಕ್ಕೆ ಕೈಯೊಡ್ಡುವ ಅನಾಹುತ ಒದಗುತ್ತದೆ. ಹಣದ ಕೊರತೆಗಿಂತ ಮುಂಚೆ ಮನೆಯನ್ನು ಕೆಡಿಸುವುದು ಸಂಕೋಚ.

ಇಂತಹ ಸಂದರ್ಭಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಉಪದೇಶವೆಂದರೆ, ಮೊದಲೇ ಮೂರು ತಿಂಗಳ ಖರ್ಚನ್ನು ಕೂಡಿಡಬೇಕಾಗಿತ್ತು ಎಂಬುದು. ಅದು ತಪ್ಪಲ್ಲ. ಆದರೆ ಶರಣ ಪರಂಪರೆಯನ್ನು ಬಲ್ಲವರ ಮನಸ್ಸಿನಲ್ಲಿ ಇಲ್ಲೊಂದು ಸಂದೇಹ ಮೂಡಬಹುದು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಅದನ್ನು ಮರಳಿಸಿ ಬರುವಂತೆ ಪತ್ನಿ ಲಕ್ಕಮ್ಮ ಹೇಳಿದ ಪ್ರಸಂಗ ಸದ್ಭಕ್ತರೆಲ್ಲರಿಗೂ ತಿಳಿದದ್ದೇ. ಹಾಗಾದರೆ ನಾಳೆಗೆಂದು ಕೂಡಿಡುವುದು ದುರಾಸೆಯಲ್ಲವೇ? ಉತ್ತರ ಆ ಪ್ರಸಂಗದಲ್ಲಿಯೇ ಇದೆ. ಮಾರಯ್ಯನ ಕಾಯಕದ ಫಲ ಅಂದಂದೇ ಕೈಸೇರುತ್ತಿತ್ತು. ಎರಡು ವಾರ ದುಡಿದ ಮೇಲೆ ಕೂಲಿ ಪಡೆಯುವ ಇಂದಿನ ನೌಕರನು ಆ ಎರಡು ವಾರವೂ ದುಡಿಸಿಕೊಂಡವನಿಗೆ ಸಾಲ ಕೊಟ್ಟಿರುತ್ತಾನೆ. ಆ ಅವಧಿಯನ್ನು ದಾಟಲು ಬೇಕಾದಷ್ಟು ಹಣವನ್ನು ಮನೆಯಲ್ಲಿಟ್ಟುಕೊಳ್ಳುವುದು ಸಂಗ್ರಹದ ಆಸೆಯಾಗಲಾರದು. ಲಕ್ಕಮ್ಮ ಬೇಡವೆಂದದ್ದು ಅಗತ್ಯ ಮೀರಿದ್ದನ್ನು. ಅಗತ್ಯವನ್ನು ಆಕೆ ಅಳೆದೇ ನೋಡಿದ್ದಳು. ಮನೆಯ ಹಣಕಾಸಿನ ಮೊದಲ ಪಾಠವೂ ಈ ಅಳತೆಯೇ.

ಆದರೆ ಉಳಿತಾಯದ ಉಪದೇಶಕ್ಕೆ ಒಂದು ಮಿತಿಯುಂಟು. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ 2024ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಅನಿರೀಕ್ಷಿತವಾಗಿ ಎದುರಾಗುವ 400 ಡಾಲರ್ ಖರ್ಚನ್ನು ಕೈಯಲ್ಲಿರುವ ಹಣದಿಂದಲೇ ನಿಭಾಯಿಸಬಲ್ಲವರು ನೂರಕ್ಕೆ 63 ಮಂದಿ. ಮೂರು ತಿಂಗಳ ಖರ್ಚಿನಷ್ಟು ಆಪತ್ಕಾಲದ ಹಣ ಉಳ್ಳವರು ನೂರಕ್ಕೆ 55 ಮಂದಿ. 2013ರ ಸ್ಥಗಿತದ ಅವಧಿಯಲ್ಲಿ ಸರಕಾರಿ ನೌಕರರ ಬ್ಯಾಂಕ್ ಲೆಕ್ಕಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ತಂಡವೊಂದಕ್ಕೆ, ಆ ನೌಕರರಲ್ಲಿ ನಡುಮಟ್ಟದವನ ಕೈಯಲ್ಲಿದ್ದ ಹಣ ಎಂಟು ದಿನದ ಖರ್ಚಿಗಷ್ಟೇ ಸಾಕಾಗುತ್ತಿತ್ತೆಂಬುದು ಕಂಡುಬಂತು. ಎಂಟು ದಿನದ ಬುತ್ತಿಯವನಿಗೆ ಮೂರು ತಿಂಗಳ ಉಪದೇಶ ಹೇಳುವುದು ಮನೆ ಹೊತ್ತಿ ಉರಿಯುವಾಗ ಬಾವಿ ತೋಡಲು ಹೇಳಿದಂತೆ. ಬಾವಿ ಬೇಕು, ನಿಜ. ಅದಕ್ಕೆ ಮುಂಚೆ ಬೆಂಕಿ ಆರಬೇಕು.

ಅದೇ ಅಧ್ಯಯನ ಇನ್ನೊಂದು ಸಂಗತಿಯನ್ನೂ ತೋರಿಸಿತು. ಆ ನೌಕರರಲ್ಲಿ ಬಹಳಷ್ಟು ಮಂದಿ ದುಬಾರಿ ಬಡ್ಡಿಯ ಸಾಲಕ್ಕೆ ಓಡಲಿಲ್ಲ. ಮನೆಸಾಲದ ಕಂತನ್ನು ಕೆಲವು ದಿನ ತಡೆದರು, ಕ್ರೆಡಿಟ್ ಕಾರ್ಡಿನ ಬಾಕಿ ತೀರಿಸುವುದನ್ನು ಮುಂದೂಡಿದರು, ಸಂಬಳ ಬಂದಕೂಡಲೇ ಸರಿಪಡಿಸಿದರು. ತಡವಾದ ಸಂಬಳದ ಮನೆಗೆ ಮುಖ್ಯವಾಗಿ ಬೇಕಾಗಿರುವುದು ಕಾಲಾವಕಾಶವೆಂಬ ವಿವೇಕ ಅವರಲ್ಲಿತ್ತು. ಅವಕಾಶವನ್ನು ಅಗ್ಗವಾಗಿ ಪಡೆಯುವ ಉಪಾಯ ಒಂದೇ: ಕಂತಿನ ದಿನ ದಾಟುವ ಮುನ್ನವೇ ಬಾಯಿಬಿಟ್ಟು ಕೇಳುವುದು.

ಆದ್ದರಿಂದ ಸಂಬಳ ನಿಲ್ಲುವ ಸುದ್ದಿ ಬಂದ ದಿನವೇ ಮನೆಯವರೆಲ್ಲರೂ ಒಂದೆಡೆ ಕುಳಿತು ಲೆಕ್ಕ ಬರೆಯಬೇಕು. ಅನ್ನ, ಔಷಧ, ತಲೆಯ ಮೇಲಿನ ಸೂರು, ಬೆಳಕು ಮೊದಲು. ಕೆಲಸಕ್ಕೆ ಹೋಗಲು ಬೇಕಾದದ್ದು ಎರಡನೆಯದು. ಉಳಿದದ್ದೆಲ್ಲ ಅನಂತರ. ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಡಿತವಾಗುವ ಕಂತುಗಳನ್ನು ತಡಮಾಡದೆ ಗುರುತಿಸಬೇಕು. ಖಾತೆಯಲ್ಲಿ ಹಣವಿಲ್ಲದಾಗ ಅಂತಹ ಕಡಿತ ಬಂದರೆ ಅದರ ಮೇಲೆ ದಂಡವೂ ಬೀಳುತ್ತದೆ. ಅನಂತರ ಮನೆಮಾಲೀಕ, ಮನೆಸಾಲದ ಸಂಸ್ಥೆ, ಕಾರಿನ ಸಾಲ ಕೊಟ್ಟವರು, ಕಾರ್ಡಿನ ಬ್ಯಾಂಕು, ವಿದ್ಯುತ್ ಕಂಪನಿ ಪ್ರತಿಯೊಬ್ಬರಿಗೂ ಪತ್ರ ಬರೆಯಬೇಕು. ಸ್ಥಗಿತದ ಕಾಲದಲ್ಲಿ ಇವರಲ್ಲಿ ಅನೇಕರು ಸರಕಾರಿ ನೌಕರರಿಗೆ ಗಡುವು ವಿಸ್ತರಿಸಿದ ಉದಾಹರಣೆಗಳಿವೆ. ಆದರೆ ಕೇಳದವನಿಗೆ ಅದು ತಾನಾಗಿ ದೊರೆಯುವುದಿಲ್ಲ. ಸಿಕ್ಕ ವಿನಾಯಿತಿಯನ್ನು ಬರಹದಲ್ಲಿ ಪಡೆಯಬೇಕು. ಬಾಯಿಮಾತಿನ ಭರವಸೆ ಮುಂದೆ ಕ್ರೆಡಿಟ್ ಸ್ಕೋರ್ ಕೆಟ್ಟಾಗ ಸಾಕ್ಷಿಗೆ ಬಾರದು. ಆರೋಗ್ಯ ವಿಮೆಯ ಬಗ್ಗೆ ಭಯ ಬೇಡ. ಒಕ್ಕೂಟ ನೌಕರರ ವಿಮೆ ಸ್ಥಗಿತದಲ್ಲಿಯೂ ಮುಂದುವರಿಯುತ್ತದೆ, ಕಂತನ್ನು ಮುಂದಿನ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಹಣವಿಲ್ಲವೆಂದು ವೈದ್ಯರ ಭೇಟಿಯನ್ನು ತಪ್ಪಿಸುವುದು ಉಳಿತಾಯವಲ್ಲ.

ಸಾಲವೇ ಅನಿವಾರ್ಯವಾದರೆ ಅದರಲ್ಲಿಯೂ ವಿವೇಚನೆ ಬೇಕು. ನೇವಿ ಫೆಡರಲ್‌ನಂತಹ ಕೆಲವು ಕ್ರೆಡಿಟ್ ಯೂನಿಯನ್‌ಗಳು, ಅಂದರೆ ಸದಸ್ಯರೇ ಒಡೆಯರಾದ ಸಹಕಾರಿ ಸಂಸ್ಥೆಗಳು, 2019ರಲ್ಲಿಯೂ 2025ರಲ್ಲಿಯೂ ಬಡ್ಡಿಯಿಲ್ಲದ ಸಾಲ ಕೊಟ್ಟವು. ಆದರೆ ಮೊದಲಿನಿಂದಲೂ ಸಂಬಳ ಆ ಸಂಸ್ಥೆಯ ಖಾತೆಗೇ ಜಮೆಯಾಗುತ್ತಿದ್ದವರಿಗೆ ಮಾತ್ರ ಅದು ಲಭ್ಯ. ಆದುದರಿಂದ ಇದು ಸುಭಿಕ್ಷದ ದಿನಗಳಲ್ಲಿಯೇ ಮಾಡಿಕೊಳ್ಳಬೇಕಾದ ಸಿದ್ಧತೆ. ಇದಕ್ಕೆ ತದ್ವಿರುದ್ಧವಾದದ್ದು ಬೀದಿಬದಿಯ ಪೇಡೇ ಸಾಲ. ನೂರು ಡಾಲರಿಗೆ ಎರಡು ವಾರಕ್ಕೆ 15 ಡಾಲರ್ ಎಂಬುದು ಅಲ್ಲಿ ಸಾಮಾನ್ಯ ದರ. ಕೇಳಲು ಚಿಕ್ಕದಾದರೂ ವರ್ಷದ ಲೆಕ್ಕದಲ್ಲಿ ಅದು ನೂರಕ್ಕೆ ಸುಮಾರು 400ರ ಬಡ್ಡಿ. ಸಾವಿರ ಡಾಲರ್ ಪಡೆದು ಆರು ವಾರ ಹೊತ್ತರೆ ಬಡ್ಡಿಯೇ 450. ಸರಕಾರ ತಡವಾಗಿ ಕೊಡುವ ಸಂಬಳಕ್ಕೆ ಒಂದು ಡಾಲರ್ ಬಡ್ಡಿಯನ್ನೂ ಸೇರಿಸುವುದಿಲ್ಲ ಎಂಬುದನ್ನು ನೆನೆದರೆ ಈ ವ್ಯವಹಾರದ ಕ್ರೌರ್ಯ ತಿಳಿಯುತ್ತದೆ. ನಿವೃತ್ತಿಯ ನಿಧಿಯಿಂದ ಹಣ ತೆಗೆಯುವುದೂ ಕೊನೆಯ ದಾರಿಯಾಗಿರಬೇಕು. ಐವತ್ತೊಂಬತ್ತೂವರೆ ವರ್ಷ ತುಂಬುವ ಮುನ್ನ ಸಂಕಷ್ಟದ ಹೆಸರಿನಲ್ಲಿ ತೆಗೆದ ಹಣಕ್ಕೆ ಸಾಮಾನ್ಯವಾಗಿ ತೆರಿಗೆಯ ಜೊತೆಗೆ ನೂರಕ್ಕೆ 10ರ ದಂಡವೂ ಸೇರುತ್ತದೆ.

ನಿರುದ್ಯೋಗ ಭತ್ಯೆಯ ದಾರಿಯೊಂದಿದೆ. ಕಡ್ಡಾಯ ರಜೆಯ ಮೇಲಿರುವವರು ತಮ್ಮ ರಾಜ್ಯದಲ್ಲಿ ಅದಕ್ಕೆ ಅರ್ಜಿ ಹಾಕಬಹುದು, ಬಾಕಿ ಸಂಬಳ ಬಂದಾಗ ಹಿಂದಿರುಗಿಸಬೇಕು. ಆದರೆ ಪೂರ್ಣಾವಧಿ ದುಡಿಯುತ್ತಲೇ ಸಂಬಳ ಕಾಣದವರಿಗೆ ಸಾಮಾನ್ಯವಾಗಿ ಅದು ಸಿಗುವುದಿಲ್ಲ, ಏಕೆಂದರೆ ಕಾನೂನಿನ ಕಣ್ಣಿನಲ್ಲಿ ಅವರು ನಿರುದ್ಯೋಗಿಗಳಲ್ಲ. ಹೆಚ್ಚು ಅನಿವಾರ್ಯ ಸೇವೆಯವನಿಗೆ ಹೆಚ್ಚು ಕಷ್ಟ ಎಂಬ ವಿಪರ್ಯಾಸವಿದು. 2025ರ ಅಕ್ಟೋಬರ್ ಕೊನೆಯಲ್ಲಿ ಪೂರ್ಣ ಸಂಬಳ ತಪ್ಪಿದ ವಿಮಾನ ನಿಯಂತ್ರಕರಲ್ಲಿ ಕೆಲವರು ಪಾಳಿ ಮುಗಿಸಿ ಬಾಡಿಗೆ ಕಾರು ಓಡಿಸುವಂತಹ ಉಪವೃತ್ತಿಗೆ ಹೋದರು. ನಿದ್ರೆಗೆಟ್ಟ ಆ ಕಣ್ಣುಗಳನ್ನು ನಂಬಿಯೇ ಸಹಸ್ರಾರು ಪ್ರಯಾಣಿಕರು ಆಕಾಶದಲ್ಲಿದ್ದರು.

ಇಂತಹ ಹೊತ್ತಿನಲ್ಲಿ ಮೇಲಿನವರ ಮಾತು ಹೇಗಿರುತ್ತದೆ ಎಂಬುದಕ್ಕೆ 2019ರ ಜನವರಿ 24ರ ಪ್ರಸಂಗ ಸಾಕು. ನೌಕರರು ಉಚಿತ ಆಹಾರ ಭಂಡಾರಗಳ ಮುಂದೆ ಸಾಲುಗಟ್ಟುತ್ತಿರುವ ಬಗ್ಗೆ ಟಿವಿ ಸಂದರ್ಶನದಲ್ಲಿ ಕೇಳಿದಾಗ, ಅವರೇಕೆ ಹಾಗೆ ಮಾಡುತ್ತಾರೋ ಅರ್ಥವಾಗುತ್ತಿಲ್ಲ, ಬ್ಯಾಂಕಿನಲ್ಲಿ ಸಾಲ ಪಡೆಯಬಹುದಲ್ಲ ಎಂಬರ್ಥದ ಮಾತನ್ನು ಅಂದಿನ ವಾಣಿಜ್ಯ ಸಚಿವ ವಿಲ್ಬರ್ ರಾಸ್ ಆಡಿದರು. ಸ್ವತಃ ಬಹುದೊಡ್ಡ ಶ್ರೀಮಂತರಾದ ಅವರಿಗೆ ಸಾಲವೆಂಬುದು ಒಂದು ಅನುಕೂಲ. ಎಂಟು ದಿನದ ಬುತ್ತಿಯವನಿಗೆ ಅದು ಕೊರಳ ಉರುಳು. ಅದಕ್ಕೂ ಕೆಲವು ವಾರ ಮೊದಲು ಸಿಬ್ಬಂದಿ ನಿರ್ವಹಣಾ ಕಚೇರಿಯು ನೌಕರರ ಅನುಕೂಲಕ್ಕೆಂದು ಕೆಲವು ಮಾದರಿ ಪತ್ರಗಳನ್ನು ಪ್ರಕಟಿಸಿತ್ತು. ಸಾಲ ಕೊಟ್ಟವರಿಗೆ ಬರೆಯುವ ಪತ್ರಗಳು ಉಪಯುಕ್ತವೇ ಆಗಿದ್ದವು. ಆದರೆ ಬಾಡಿಗೆಗೆ ಬದಲಾಗಿ ಬಣ್ಣ ಬಳಿಯುವ, ಮರಗೆಲಸ ಮಾಡಿಕೊಡುವ ಪ್ರಸ್ತಾಪವೂ ಒಂದರಲ್ಲಿತ್ತು. ಅದು 2013ರ ಹಳೆಯ ಪತ್ರವೆಂದೂ ತಪ್ಪಿ ಪ್ರಕಟವಾಯಿತೆಂದೂ ಕಚೇರಿ ಅನಂತರ ತಿಳಿಸಿತು. ಬಣ್ಣ ಬಳಿಯುವುದಾಗಲಿ ಮರಗೆಲಸವಾಗಲಿ ಕೀಳಲ್ಲ. ಎಲ್ಲ ಕಾಯಕವೂ ಸಮ. ಆದರೆ ಒಂದು ಕಾಯಕದ ಕೂಲಿಯನ್ನು ಹಿಡಿದಿಟ್ಟುಕೊಂಡವನೇ, ಹೊಟ್ಟೆಗಾಗಿ ಇನ್ನೊಂದು ಕಾಯಕ ಮಾಡಿಕೋ ಎಂದು ಬುದ್ಧಿ ಹೇಳುವುದು ಯಾವ ಧರ್ಮ?

ಆಹಾರ ಭಂಡಾರದ ಮುಂದೆ ನಿಲ್ಲಲು ನಾಚುವವರು ಒಂದು ಮಾತನ್ನು ನೆನಪಿಡಬೇಕು. 2019ರ ಜನವರಿಯಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದ ಸಿಖ್ ಕೇಂದ್ರವು ಸಂಬಳ ನಿಂತ ನೌಕರರಿಗೆ ಬಿಸಿಯೂಟ ಬಡಿಸಿತು. ವಾಷಿಂಗ್ಟನ್ನಿನಲ್ಲಿ ಬಾಣಸಿಗ ಹೋಸೆ ಆಂದ್ರೆಸ್ ಅವರ ವರ್ಲ್ಡ್ ಸೆಂಟ್ರಲ್ ಕಿಚನ್ ಸಂಸ್ಥೆ ನೌಕರರಿಗಾಗಿ ಅಡುಗೆಮನೆ ತೆರೆಯಿತು. ದಾಸೋಹದ ಸಂಸ್ಕಾರವುಳ್ಳವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಪಂಕ್ತಿಯಲ್ಲಿ ಕುಳಿತವನು ಬೇಡಲು ಬಂದವನಲ್ಲ. ಇಂದು ಉಣ್ಣುವವನು ನಾಳೆ ಬಡಿಸುವವನಾಗುತ್ತಾನೆ. ಅಲ್ಲಿರುವ ಸದ್ಭಕ್ತರು ಇಂತಹ ಸಮಯದಲ್ಲಿ ತಮ್ಮ ಬಳಗದ ಮನೆಯೊಂದರಲ್ಲಿ ಸಂಬಳ ನಿಂತದ್ದು ತಿಳಿದರೆ, ಕೇಳಲೆಂದು ಕಾಯದೆ ಒಂದು ತಿಂಗಳ ದಿನಸಿಯನ್ನೋ ಬಡ್ಡಿಯಿಲ್ಲದ ಕೈಗಡವನ್ನೋ ತಾವಾಗಿಯೇ ಮುಂದೆ ಮಾಡಬಹುದು. ಮಗುವನ್ನು ಹಗಲು ನೋಡಿಕೊಂಡರೂ ಅದು 900 ಡಾಲರಿನ ಸಹಾಯ. ಸಂಕಷ್ಟದಲ್ಲಿರುವ ಮನೆಯೂ ಊರಿನಲ್ಲಿರುವ ತಂದೆತಾಯಿಗೆ ನಿಜ ಹೇಳಬೇಕು. ಪ್ರತಿ ತಿಂಗಳು ಬರುತ್ತಿದ್ದ ಹಣ ಏಕೆ ಬರಲಿಲ್ಲವೆಂಬ ಚಿಂತೆ ಸತ್ಯಕ್ಕಿಂತ ಭಾರವಾದದ್ದು.

ಇವರೆಲ್ಲರಿಗಿಂತ ಹೆಚ್ಚು ನೊಂದವರು ಇನ್ನೊಬ್ಬರಿದ್ದಾರೆ. 2019ರ ಜನವರಿ 16ರಂದು ಜಾರಿಗೆ ಬಂದ ಕಾನೂನು, ಸ್ಥಗಿತ ಮುಗಿದ ಮೇಲೆ ಒಕ್ಕೂಟ ನೌಕರರಿಗೆ ಬಾಕಿ ಸಂಬಳ ಕೊಡಬೇಕೆಂದು ಹೇಳಿತು. 2025ರಲ್ಲಿ ಆ ಭರವಸೆಯ ಬಗ್ಗೆಯೂ ಶ್ವೇತಭವನದಿಂದಲೇ ಸಂದೇಹದ ಮಾತು ಬಂತಾದರೂ, ನವೆಂಬರ್‌ನ ಒಪ್ಪಂದದಲ್ಲಿ ಬಾಕಿ ಸಂಬಳ ಸೇರಿತು. ಆದರೆ ಅದೇ ಸರಕಾರಿ ಕಟ್ಟಡದಲ್ಲಿ ನೆಲ ಒರೆಸುವ, ಕಾವಲು ಕಾಯುವ, ಉಪಾಹಾರ ಗೃಹದಲ್ಲಿ ದುಡಿಯುವ ಗುತ್ತಿಗೆ ಕಾರ್ಮಿಕರಿಗೆ ಈ ಕಾನೂನು ಅನ್ವಯಿಸುವುದಿಲ್ಲ. ಅವರ ಪಾಲಿಗೆ ಕಳೆದ ದಿನಗಳ ಕೂಲಿ ಕಳೆದೇ ಹೋಯಿತು. ಕಾಯಂ ನೌಕರನದು ತಡವಾದ ಸಂಬಳ. ಗುತ್ತಿಗೆಯವನದು ಬಾರದ ಸಂಬಳ. ಒಂದೇ ಸೂರಿನಡಿ ದುಡಿಯುವ ಇಬ್ಬರಲ್ಲಿ ಈ ಭೇದವೇಕೆ ಎಂಬ ಪ್ರಶ್ನೆಗೆ ಸಮರ್ಪಕ ಉತ್ತರ ದೊರೆತಿಲ್ಲ. ಕಾಯಂ ನೌಕರರ ಸಂಬಳ ತಡವಾದದ್ದಕ್ಕೂ ಪರಿಹಾರ ಸುಲಭವಾಗಿಲ್ಲ. ಹಣ ವ್ಯಯಿಸಲು ಕಾನೂನೇ ತಡೆದಿದ್ದಾಗ ಸಂಬಳ ತಡವಾದರೆ ಅದು ವೇತನ ಕಾನೂನಿನ ಉಲ್ಲಂಘನೆಯಲ್ಲವೆಂದು 2022ರಲ್ಲಿ ಒಕ್ಕೂಟ ಮೇಲ್ಮನವಿ ನ್ಯಾಯಾಲಯವೊಂದು ತೀರ್ಪಿತ್ತಿತು. ಕಾನೂನಿನ ತರ್ಕ ಏನೇ ಇರಲಿ, ನೀತಿಯ ತಕ್ಕಡಿಯಲ್ಲಿ ದುಡಿಸಿಕೊಂಡು ಕೂಲಿ ತಡೆಯುವುದು ಋಣವೇ ಹೌದು.

ಬಾಕಿ ಸಂಬಳ ಒಟ್ಟಿಗೆ ಬಂದ ದಿನ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಆರು ವಾರ ಬಿಗಿಹಿಡಿದ ಮನಸ್ಸು ಅಂದು ಸಡಿಲವಾಗುವುದು ಮನುಷ್ಯಸಹಜ. ಆದರೆ ಆ ದೊಡ್ಡ ಮೊತ್ತ ಹೊಸ ಆದಾಯವಲ್ಲ, ಆಗಲೇ ಖರ್ಚಾಗಿಹೋದ ಹಣ. ಮೊದಲು ಬಡ್ಡಿಯ ಸಾಲ, ಆಮೇಲೆ ಕಾದುಕೊಂಡ ಮನೆಮಾಲೀಕ, ಆಮೇಲೆ ಕೈಗಡ ಕೊಟ್ಟ ಬಂಧುಮಿತ್ರರು. ಇವೆಲ್ಲ ತೀರಿದ ಮೇಲೆ ಉಳಿದ ಅಲ್ಪವೇ ಮುಂದಿನ ಸ್ಥಗಿತಕ್ಕೆ ಬುತ್ತಿ. ಪ್ರತಿ ಸಂಬಳದಲ್ಲಿ 50 ಡಾಲರ್ ಬದಿಗಿಟ್ಟರೂ ವರ್ಷಕ್ಕೆ 26 ಸಂಬಳದಲ್ಲಿ 1,300 ಆಗುತ್ತದೆ. ಮೇಲಿನ ಲೆಕ್ಕದ ಮನೆಗೆ ಅದು ಎರಡು ತಿಂಗಳ ದಿನಸಿ.

ಉಳಿತಾಯ, ಮಿತವ್ಯಯ, ಪತ್ರ ವ್ಯವಹಾರ ಇವು ಮನೆಯವರು ಮಾಡಬಹುದಾದ ಕೆಲಸ, ಅವರು ಮಾಡಲೇಬೇಕು. ಆದರೆ ಎಷ್ಟೇ ಜಾಣ ಗೃಹಿಣಿಯೂ ಬಾರದ ಸಂಬಳದಿಂದ ಅನ್ನ ಬೇಯಿಸಲಾರಳು. ರಾಜ್ಯದ ಜಗಳವನ್ನು ದುಡಿಯುವವನ ತಟ್ಟೆಯ ಮೇಲೆ ಇಟ್ಟು ಪಣ ಕಟ್ಟುವ ಪದ್ಧತಿ ನಿಲ್ಲುವವರೆಗೆ ಈ ಸಂಕಟ ಮರುಕಳಿಸುತ್ತಲೇ ಇರುತ್ತದೆ. ಅಲ್ಲಿಯವರೆಗೆ ಆ ಮನೆಗಳಲ್ಲಿ ತಲೆತಗ್ಗಿಸಬೇಕಾದವರು ಯಾರೂ ಇಲ್ಲ. ಕಾಯಕ ಮಾಡಿ ಬಂದವನು ಬರಿಗೈಯಲ್ಲಿ ಬಾಗಿಲಿಗೆ ಬಂದರೂ ಅವನ ಕೈ ಶುದ್ಧವಾಗಿದೆ. ಬಾಕಿ ಉಳಿಸಿಕೊಂಡವರ ಕೈಯೂ ಹಾಗೆಯೇ ಶುದ್ಧವಾಗಲಿ.